ಗೆಳೆಯನ ಸೊಂಟ ಹಿಡಿಯದ ದುಗ್ಗ

ಬಹಳ ಬಹಳ ಹಿಂದೆ, ಏಡಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳಗೇರಿ ಎಂಬ ಕಡಲ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಊಟದ ಎಲೆಯಲ್ಲಿ ಮೀನಿಲ್ಲದಿದ್ದರೆ ಸಿಂಹಾಸನವೂ ಚುಚ್ಚುತ್ತಿತ್ತು. ಆ ರಾಜ್ಯದಲ್ಲಿ ದುಗ್ಗ, ಸುಕ್ರ, ಕಾಳು ಎಂಬ ಮೂವರು ಗೆಳೆಯರಿದ್ದರು. ಮೂವರಿಗೂ ಒಂದೇ ದೋಣಿ, ಒಂದೇ ಬುತ್ತಿ.

ದುಗ್ಗ ಕೆಟ್ಟವನಲ್ಲ. ಗಟ್ಟಿ ರಟ್ಟೆ, ಒಳ್ಳೆಯ ಕಂಠ. ಆದರೆ ಅವನಿಗೊಂದು ರೋಗವಿತ್ತು, ಆ ರೋಗದ ಹೆಸರು ಸುಕ್ರ. ಸುಕ್ರ ನಕ್ಕರೆ ದುಗ್ಗನಿಗೆ ಹಲ್ಲುನೋವು. ಸುಕ್ರನ ಮನೆಯ ಬೆಕ್ಕು ಮೂರು ಮರಿ ಹಾಕಿದಾಗ, ತನ್ನ ಬೆಕ್ಕು ಎರಡೇ ಹಾಕಿತೆಂದು ದುಗ್ಗ ಅದಕ್ಕೆ ಎರಡು ದಿನ ಮೀನಿನ ತಲೆಯನ್ನೇ ಹಾಕಲಿಲ್ಲ. ಪಾಪ, ಬೆಕ್ಕೇನು ಮಾಡೀತು?

ಒಂದು ದಿನ ರಾಜ ಡಂಗುರ ಹೊಡೆಸಿದ. "ನಮ್ಮ ಮೀನುಗಾರರ ಮುಖಂಡನಾದ ಗುರಿಕಾರನಿಗೆ ವಯಸ್ಸಾಯಿತು. ನಾಳೆ ಹೊತ್ತು ಮುಳುಗುವುದರೊಳಗೆ ಯಾರು ಎಲ್ಲರಿಗಿಂತ ದೊಡ್ಡ ಮೀನು ತರುತ್ತಾರೋ ಅವರೇ ಹೊಸ ಗುರಿಕಾರ!"

ಮರುದಿನ ಬೆಳಗ್ಗೆ ಮೂವರೂ ದೋಣಿ ನೂಕಿದರು. ಕಾಳು ಹಿಂದೆ ಕೂತು ಹುಟ್ಟು ಹಾಕಿದ. ದುಗ್ಗ, ಸುಕ್ರ ಅಕ್ಕಪಕ್ಕ ಕೂತು ಗಾಳ ಬಿಟ್ಟರು. ನೀರು ತಿಳಿಯಾಗಿತ್ತು, ಬಿಸಿಲು ಹಿತವಾಗಿತ್ತು, ದುಗ್ಗನ ಮನಸ್ಸೊಂದು ಬಿಟ್ಟು ಎಲ್ಲವೂ ಸರಿಯಾಗಿತ್ತು.

ಸುಕ್ರನ ಗಾಳಕ್ಕೆ ಮುರುಮೀನು ಬಂತು. ದುಗ್ಗನ ಗಾಳಕ್ಕೆ ಏಡಿ ಬಂತು, ಎರೆ ತಿಂದು ಹೋಯಿತು. ಸುಕ್ರನ ಗಾಳಕ್ಕೆ ಮೊಳದುದ್ದದ ಅಂಜಲ್ ಮೀನು ಬಂತು. ದುಗ್ಗನಿಗೆ ಬೆರಳಷ್ಟುದ್ದದ ಶಾಡೆ ಮೀನು ಬಂತು, ಬಂದದ್ದಲ್ಲದೆ ಮುಳ್ಳು ಚುಚ್ಚಿತು. ಸುಕ್ರನಿಗೆ ಇನ್ನೊಂದು ಅಂಜಲ್. ದುಗ್ಗನಿಗೆ ತೆಂಗಿನ ಸಿಪ್ಪೆ.

"ಅದನ್ನೂ ರಾಜರಿಗೆ ಕೊಡು ಮಾರಾಯ, ಬಚ್ಚಲೊಲೆ ಹಚ್ಚೂಕೆ ಆತ್ತ್" ಎಂದು ಕಾಳು ನಕ್ಕ.

ಸುಕ್ರ ನಗಲಿಲ್ಲ. "ದುಗ್ಗ, ನೀ ನನ್ನ ಜಾಗಕ್ಕೆ ಬಾ. ಇಲ್ಲಿ ಮೀನು ಇತ್ತ್" ಎಂದ.

ಅವನು ಆಡಿಕೊಂಡು ನಕ್ಕಿದ್ದರೆ ದುಗ್ಗ ಸಹಿಸುತ್ತಿದ್ದನೋ ಏನೋ. ಜಾಗ ಬಿಟ್ಟುಕೊಟ್ಟದ್ದು ಮಾತ್ರ ಮೈಯೆಲ್ಲ ಉರಿಸಿತು. ಜಾಗ ಬದಲಾಯಿತು. ಮೀನುಗಳೂ ಸುಕ್ರನ ಜೊತೆಯಲ್ಲೇ ಜಾಗ ಬದಲಾಯಿಸಿದವು.

ಈಗ ಹವಳಗೇರಿಯ ಒಂದು ಕಟ್ಟಳೆ ಹೇಳಬೇಕು. ದೊಡ್ಡ ಮೀನು ಕಚ್ಚಿದಾಗ, ಗಾಳದವನು ಹಗ್ಗವನ್ನು ಮುಂಗೈಗೆ ಸುತ್ತಿ ಎಳೆಯುತ್ತಾನೆ. ಪಕ್ಕದವನು ತನ್ನ ಗಾಳ ಎಸೆದು ಅವನ ಸೊಂಟ ತಬ್ಬಿ ಹಿಡಿಯಬೇಕು. ಕರೆಯಲಿ ಎಂದು ಕಾಯುವಂತಿಲ್ಲ. ವೈರಿಯಾದರೂ ಹಿಡಿಯಬೇಕು, ದಡಕ್ಕೆ ಬಂದಮೇಲೆ ಬೇಕಾದರೆ ಹೊಡೆದಾಡಿಕೊಳ್ಳಬಹುದು.

ಮಧ್ಯಾಹ್ನದ ಹೊತ್ತಿಗೆ ಕರಿಬಂಡೆ ಎಂಬ ಕಲ್ಲಿನ ದ್ವೀಪದ ಹತ್ತಿರ ಸುಕ್ರನ ಹಗ್ಗ ಬಿಗಿಯಿತು. ದೋಣಿ ವಾಲಿತು. ನೀರಿನೊಳಗೆ ದೋಣಿಗಿಂತ ಉದ್ದದ ಬೆಳ್ಳಿ ಬೆನ್ನು ಹೊರಳಿತು.

"ಹಿಡಿ ದುಗ್ಗ!" ಕಾಳು ಕೂಗಿದ.

ದುಗ್ಗ ಹಿಡಿಯಲಿಲ್ಲ. ಒಂದೇ ಒಂದು ಉಸಿರಿನಷ್ಟು ಹೊತ್ತು ಹಿಡಿಯಲಿಲ್ಲ. 'ಈ ಮೀನೊಂದು ತಪ್ಪಿಹೋಗಲಿ' ಎಂದಷ್ಟೇ ಅವನ ಆಸೆ. ತಪ್ಪಿಹೋದದ್ದು ಮೀನಲ್ಲ. ಸುಕ್ರ ಹಗ್ಗದ ಸಮೇತ ನೀರಿಗೆ ಬಿದ್ದ, ಮತ್ತೆ ಮೇಲೆ ಬರಲಿಲ್ಲ.

ಕಡಲು ಸ್ತಬ್ಧವಾಯಿತು. ಕರಿಬಂಡೆಯ ಮೇಲೆ ಪಾಚಿಗಡ್ಡ ಎಂಬ ಮಾಂತ್ರಿಕ ಕಾಣಿಸಿಕೊಂಡ. ಅವನ ಗಡ್ಡ ಹಸಿರು, ಅದರಲ್ಲಿ ಸಿಗಡಿಗಳು ಓಡಾಡುತ್ತಿದ್ದವು.

"ಗೆಳೆಯರು ಹಿಡಿದುಕೊಂಡವನನ್ನು ನಾನು ಮುಟ್ಟಲಾರೆ. ಗೆಳೆಯರು ಬಿಟ್ಟವನು ನನ್ನವನು!" ಎಂದ ಅವನು. "ಸುಕ್ರ ಈಗ ನನ್ನ ಕೊಳದ ಮೀನು. ಹೊತ್ತು ಮುಳುಗಿದರೆ ತನ್ನ ಹೆಸರನ್ನೂ ಮರೆಯುತ್ತಾನೆ. ದುಗ್ಗ, ನಿನ್ನಿಂದ ದೊಡ್ಡ ಉಪಕಾರವಾಯಿತು." ಹಾಗೆಂದು ಕೈಮುಗಿದು ಮಾಯವಾದ.

"ಅವ ನಿಂಗೆ ಎಂತಕ್ಕೆ ಕೈಮುಗಿದದ್ದು?" ಕಾಳು ಕೇಳಿದ.

ಆ ನಮಸ್ಕಾರ ದುಗ್ಗನಿಗೆ ಚಪ್ಪಲಿಯೇಟಿಗಿಂತ ಜೋರಾಗಿ ಬಿದ್ದಿತ್ತು. "ದೋಣಿ ಇಲ್ಲೇ ನಿಲ್ಲಿಸು. ನಾನವನನ್ನು ತರ್ತೆ" ಎಂದು ನೀರಿಗೆ ಹಾರಿದ, ಈಜಿ ಕರಿಬಂಡೆಯ ಗವಿ ಹೊಕ್ಕ.

ಮೊದಲ ಬಾಗಿಲಲ್ಲಿ ಗುಡಿಸಲಿನಷ್ಟು ದೊಡ್ಡ ಏಡಿ ಕೂತಿತ್ತು. "ಒಳಗೆ ಹೋಗಬೇಕಾದರೆ ನಿನ್ನ ಗೆಳೆಯನ ಬಗ್ಗೆ ಒಂದು ಒಳ್ಳೆಯ ಮಾತು ಹೇಳು. ಅರೆಮನಸ್ಸಿನದಾದರೆ ಕತ್ತರಿಸುತ್ತೇನೆ" ಎಂದಿತು. ಪಾಚಿಗಡ್ಡ ಜಾಣ. ಹೊಟ್ಟೆಕಿಚ್ಚಿನವರಿಂದ ಈ ಬೀಗ ತೆಗೆಯಲಾಗದು ಎಂದು ಅವನಿಗೆ ಗೊತ್ತಿತ್ತು.

"ಸುಕ್ರ... ಅದೃಷ್ಟವಂತ" ಎಂದ ದುಗ್ಗ.

ಏಡಿ ಅವನ ಅರ್ಧ ಮೀಸೆ ಕತ್ತರಿಸಿತು.

"ಸುಕ್ರನ ಎರೆ ಒಳ್ಳೆಯದು."

ಉಳಿದರ್ಧ ಮೀಸೆಯೂ ಹೋಯಿತು. ಏಡಿ ಈಗ ಮೂಗಿನ ಕಡೆ ನೋಡತೊಡಗಿತು.

ದುಗ್ಗ ಕಣ್ಣು ಮುಚ್ಚಿಕೊಂಡ. "ಅವನು ಗಾಳಕ್ಕೆ ಹಾಕುವ ಗಂಟು ಹವಳಗೇರಿಯಲ್ಲಿ ಯಾರಿಗೂ ಬರುವುದಿಲ್ಲ. ಆರು ವರ್ಷದಿಂದ ಕದ್ದು ನೋಡುತ್ತಿದ್ದೇನೆ. ನನಗೂ ಬರುವುದಿಲ್ಲ!"

ಏಡಿ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಿಗೆ ಹಾಯಿಯಷ್ಟು ಅಗಲದ ತೊರಕೆ ಮೀನು ಅಡ್ಡ ಮಲಗಿತ್ತು. ಅದರ ಬಾಲದ ತುದಿಯಲ್ಲಿ ಈಟಿಯಂಥ ವಿಷದ ಮುಳ್ಳು. "ಅವನು ನಿನಗೆ ಮಾಡಿದ್ದು, ನೀನು ಯಾರಿಗೂ ಹೇಳದ್ದು, ಅದನ್ನು ಹೇಳು" ಎಂದಿತು.

ದುಗ್ಗ ಹೇಳಿದ: "ಹೋದ ಮಳೆಗಾಲ ನಾನು ಜ್ವರದಿಂದ ಮಲಗಿದ್ದೆ. ಸುಕ್ರ ದಿನಾ ಬಂದು ನನ್ನ ಹರಿದ ಬಲೆ ಕಟ್ಟಿಕೊಟ್ಟ. ನಾನು ಊರಿಗೆಲ್ಲ, ಜ್ವರದಲ್ಲೇ ನಾನೇ ಕಟ್ಟಿದೆ ಎಂದು ಹೇಳಿದೆ. ಎಲ್ಲರೂ ನನ್ನನ್ನು ಹೊಗಳಿದರು. ಸುಕ್ರ ಅಲ್ಲೇ ಕೂತು ಹೌದು ಹೌದು ಎಂದ."

ತೊರಕೆ ಬಾಲ ಮಡಚಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಾಚೆ ಕೊಳವಿತ್ತು. ಅದರಲ್ಲಿ ಸಾವಿರ ಮೀನು, ಎಲ್ಲವೂ ಗೆಳೆಯರು ಬಿಟ್ಟ ಮನುಷ್ಯರು. ದುಗ್ಗ ನೀರಿಗಿಳಿದದ್ದೇ ಅವೆಲ್ಲ ಹೆದರಿ ಓಡಿದವು. ಒಂದು ಮಾತ್ರ ಬಾಲ ಬಡಿಯುತ್ತಾ ನೇರ ಅವನ ಎದೆಗೇ ಬಂತು. ಬಿಟ್ಟುಬಿಟ್ಟವನನ್ನು ಕಂಡೂ ಸಂತೋಷಪಡುವ ಪೆದ್ದ ಸುಕ್ರನಲ್ಲದೆ ಇನ್ನಾರಿದ್ದಾರು? ದುಗ್ಗ ಅದರ ನಡುಮೈ ತಬ್ಬಿ ಹಿಡಿದು ದಡ ಹತ್ತತೊಡಗಿದ. ಮೀನು ಜಾರುತ್ತಿತ್ತು. ಮೇಲಿನ ಕಿಂಡಿಯಲ್ಲಿ ಬಿಸಿಲು ಕೆಂಪಗಾಗುತ್ತಿತ್ತು.

ಪಾಚಿಗಡ್ಡ ದಡದಲ್ಲಿ ಕೂತು, ಗಡ್ಡ ನೀವಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಇವನನ್ನು ಒಯ್ದರೆ ಇವನೇ ಗುರಿಕಾರ. ನೀನು ಹೆಗಲ ವಸ್ತ್ರ ಇಳಿಸಿ ಇವನೆದುರು ನಿಲ್ಲಬೇಕು."

ದುಗ್ಗನ ಹೊಟ್ಟೆ ಉರಿಯಿತು. ಕೈ ಸ್ವಲ್ಪ ಸಡಿಲಾಯಿತು. ಮತ್ತೆ ಬಿಗಿಯಿತು.

"ಇವನನ್ನು ಇಲ್ಲೇ ಬಿಟ್ಟರೆ ನಿನ್ನ ಗಾಳಕ್ಕೆ ಜೀವಮಾನವಿಡೀ ಅಂಜಲ್ ಬೀಳುವಂತೆ ಮಾಡುತ್ತೇನೆ."

ದುಗ್ಗನ ಬಾಯಲ್ಲಿ ನೀರೂರಿತು. ಕೈ ಸಡಿಲಾಯಿತು. ಮತ್ತೆ ಬಿಗಿಯಿತು.

"ಅಯ್ಯೋ ಮಂಕೇ, ನೀನು ಇಷ್ಟು ಕಷ್ಟಪಟ್ಟು ಉಳಿಸಿದರೂ ಜನ ಏನೆನ್ನುತ್ತಾರೆ? 'ಪ್ರಾಣ ಪಣಕ್ಕಿಟ್ಟು ಹೋಗುವಂಥ ಗೆಳೆಯ ಬೇಕಾದರೆ ಸುಕ್ರನಷ್ಟು ಒಳ್ಳೆಯವನಾಗಿರಬೇಕು' ಎನ್ನುತ್ತಾರೆ. ಆ ಹೊಗಳಿಕೆಯೂ ಅವನಿಗೇ!"

ಇದು ಮರ್ಮಕ್ಕೇ ತಾಗಿತು. ಯಾಕೆಂದರೆ ಜನ ಹಾಗೇ ಹೇಳುತ್ತಾರೆಂದು ದುಗ್ಗನಿಗೂ ಗೊತ್ತಿತ್ತು. ಅವನ ಕಣ್ಣಲ್ಲಿ ಸಿಟ್ಟಿನ ನೀರು ಬಂತು.

"ಉರೀತದೆ!" ಎಂದು ಅವನು ಗವಿ ನಡುಗುವಂತೆ ಕೂಗಿದ. "ಉರೀಲಿ! ಹೊಟ್ಟೆ ನನ್ನದು, ಕೈಯೂ ನನ್ನದೇ. ಹೊಟ್ಟೆ ನನ್ನ ಮಾತು ಕೇಳುದಿಲ್ಲ. ಕೈ ಕೇಳ್ತದೆ. ಬಿಡೂದಿಲ್ಲ ಹೋಗ್!"

ಹಾಗೆನ್ನುತ್ತಾ ಮೂರನೆಯ ಬಾಗಿಲು ದಾಟಿದ. ಬಿಟ್ಟ ಕೈಯೇ ಮರಳಿ ಬಂದು ಹಿಡಿದದ್ದನ್ನು ಕರಿಬಂಡೆ ಅದುವರೆಗೆ ಕಂಡಿರಲಿಲ್ಲ. ಬಂಡೆ ಎರಡಾಗಿ ಸೀಳಿತು. ಪಾಚಿಗಡ್ಡ ನೊರೆಯಾಗಿ ಒಡೆದುಹೋದ. ಸಾವಿರ ಮೀನುಗಳೂ ಮನುಷ್ಯರಾದವು. ದುಗ್ಗನ ತೋಳಲ್ಲಿದ್ದ ಮೀನು ಸುಕ್ರನಾಯಿತು. ಅವನ ಮುಂಗೈಯಲ್ಲಿ ಇನ್ನೂ ಹಗ್ಗ ಸುತ್ತಿತ್ತು, ಹಗ್ಗದ ತುದಿಯಲ್ಲಿ ಆ ಬೆಳ್ಳಿ ಬೆನ್ನಿನ ಮೀನು ತೇಲುತ್ತಿತ್ತು.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಮೂವರು ಗೆಳೆಯರು ದೋಣಿಯಲ್ಲಿ, ಆ ಸಾವಿರ ಮಂದಿ ಹಿಂದೆ ಈಜುತ್ತಾ ದಡಕ್ಕೆ ಬಂದರು. ರಾಜ ಮೀನಿನ ಸುತ್ತ ಎರಡು ಸುತ್ತು ನಡೆದು, ಸುಕ್ರನ ತಲೆಗೆ ಗುರಿಕಾರನ ಕೆಂಪು ಮುಂಡಾಸು ಸುತ್ತಿದ. ನೀರು ತೊಟ್ಟಿಕ್ಕುವ ಅವನ ಮೈ ನೋಡಿ, "ನೀರಿಗೆ ಹೇಗಪ್ಪಾ ಬಿದ್ದೆ?" ಎಂದು ಕೇಳಿದ.

"ಕಾಲು ಜಾರಿತು ಮಹಾಸ್ವಾಮಿ" ಎಂದ ಸುಕ್ರ. "ದುಗ್ಗ ಬಂದು ಉಳಿಸಿದ. ಇವನಂಥ ಗೆಳೆಯ ಯಾರಿಗೂ ಇಲ್ಲ."

ಜನ ಜಯಕಾರ ಹಾಕಿದರು. ದುಗ್ಗ ಸುಕ್ರನ ಮುಖ ನೋಡಿದ. ಸುಕ್ರನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಹಾಕಿದ್ದ. ಅಂದು ಬೆಳಗ್ಗಿನಿಂದ ಉರಿದದ್ದೆಲ್ಲ ಒಂದು ತೂಕ, ಈಗ ಉರಿದದ್ದೇ ಒಂದು ತೂಕ.

"ಸುಳ್ಳು!" ಎಂದು ದುಗ್ಗ ಅಬ್ಬರಿಸಿದ. "ಅವನ ಕಾಲು ಜಾರಲಿಲ್ಲ ಮಹಾಸ್ವಾಮಿ. ನಾನು ಸೊಂಟ ಹಿಡಿಯಲಿಲ್ಲ. ಹೊಟ್ಟೆಕಿಚ್ಚಿಗೆ ಹಿಡಿಯಲಿಲ್ಲ."

ಸುಕ್ರ ಹತ್ತಿರ ಬಂದು, "ಎಂತಕ್ಕೆ ಹೇಳಿದೆ ಮಾರಾಯ? ನಾ ಮುಚ್ಚಿಟ್ಟಿದ್ದೆ ಅಲ್ದಾ?" ಎಂದು ಪಿಸುಗುಟ್ಟಿದ.

"ಒಳ್ಳೆತನದಲ್ಲೂ ನೀನೇ ಗೆಲ್ಲೂದಾ?" ಎಂದು ದುಗ್ಗ ಅತ್ತೇಬಿಟ್ಟ. "ಇದೊಂದಾದರೂ ನನಗೆ ಬಿಡು."

ಮೊದಲು ಸುಕ್ರ ನಕ್ಕ. ಆಮೇಲೆ ಕಾಳು, ಆಮೇಲೆ ರಾಜ, ಆಮೇಲೆ ಸಾವಿರ ವರ್ಷ ನಗದಿದ್ದ ಆ ಸಾವಿರ ಮಂದಿ. ಕೊನೆಗೆ ದುಗ್ಗನೂ ಮೀಸೆಯಿಲ್ಲದ ಬಾಯಿ ತೆರೆದು ನಕ್ಕ. ಆ ದಿನ ಅವನಿಗೆ ಹಲ್ಲು ನೋಯಲಿಲ್ಲ.

ಅಲ್ಲಿಂದಾಚೆಗೆ ಹವಳಗೇರಿಯಲ್ಲಿ ಎಲ್ಲರೂ ಸುಖವಾಗಿದ್ದರು. ಸುಕ್ರ ಸುಖವಾಗಿದ್ದ, ಕಾಳು ಸುಖವಾಗಿದ್ದ. ದುಗ್ಗನೂ ಸುಖವಾಗಿದ್ದ, ಸುಕ್ರನಿಗಿಂತ ಒಂದು ಗುಲಗಂಜಿಯಷ್ಟು ಕಡಿಮೆ ಎಂದು ಮಾತ್ರ ಸಾಯುವವರೆಗೂ ದೂರುತ್ತಿದ್ದ.