ಹನ್ನೆರಡರ ಗೆರೆ

ಶಾಲೆಯ ಗೇರ್ ಸೈಕಲ್ ಕೆಡಿಸಿದವಳು ಸೂಜಿ ಎಂದು ಆಟದ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಸೋಮವಾರ ಅವಳು ತಪ್ಪೊಪ್ಪಿಗೆ ಪತ್ರ ಕೊಡಬೇಕು. ಕೊಡದಿದ್ದರೆ ಸೈಕಲ್ ತಂಡದಲ್ಲಿ ಅವಳಿಗೆ ಜಾಗವಿಲ್ಲ.

ಸೂಜಿ ಐದನೇ ಕ್ಲಾಸಿನ ಸಣಕಲು ಹುಡುಗಿ. ಶುಕ್ರವಾರ ಏರು ಹತ್ತುವಾಗ ನಡುವಿನ ಗೇರಿಗೆ ಹಾಕಿ, ಎದ್ದು ನಿಂತು ತುಳಿದಿದ್ದಳು. ಕಟಕ್! ಚೈನ್ ಜಾರಿತು. ಮೊಣಕಾಲು ರಸ್ತೆಗೆ ಉಜ್ಜಿತು.

ಈಗ ಆ ಸೈಕಲ್ ಅತ್ತೆಯ ರಿಪೇರಿ ಅಂಗಡಿಯಲ್ಲಿ ತಲೆಕೆಳಗಾಗಿ ನಿಂತಿತ್ತು. ಸೂಜಿ ಚೈನಿಗೆ ಎಣ್ಣೆ ಬಿಡುತ್ತಲೇ ಇದ್ದಳು.

"ಸಾಕು ಕಣೇ! ಅದಕ್ಕೇನು ಜಡೆ ಹಾಕ್ತೀಯಾ?" ಅತ್ತೆ ಎಣ್ಣೆಡಬ್ಬಿ ಕಿತ್ತುಕೊಂಡರು.

"ಜಾಸ್ತಿ ಹಾಕಿದ್ರೆ ಸರಿಹೋಗುತ್ತೆ ಅಂತ..."

"ಸವೆದಿದ್ದು ಎಣ್ಣೆ ಕುಡಿದು ಬೆಳೆಯಲ್ಲಮ್ಮ. ಮೊದಲು ಒರೆಸು. ಕೊಳೆಯಲ್ಲಿ ಏನು ಕಾಣುತ್ತೆ?"

ಸೂಜಿ ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿದಳು. ತಿಕ್ಕುತ್ತಾ ಮೆಲ್ಲಗೆ ಕೇಳಿದಳು. "ನಾನೇ ಕೆಡಿಸಿದ್ನಾ ಅತ್ತೆ?"

"ನನ್ನ ಕೇಳಬೇಡ. ಸ್ಕೇಲ್ ತೆಗಿ."

ಅತ್ತೆ ಒಂದು ಹೊಸ ಚೈನನ್ನು ಮೇಜಿನ ಮೇಲೆ ಎಳೆದು ಹಿಡಿದರು. ಸೂಜಿ ತನ್ನ ಸ್ಟೀಲ್ ಸ್ಕೇಲ್ ಇಟ್ಟಳು. ಚೈನಿನ ಕೊಂಡಿ ಜೋಡಿಸುವ ಪಿನ್ನುಗಳಲ್ಲಿ ಸೊನ್ನೆಯ ಮೇಲೊಂದು ಪಿನ್ನು, ಸರಿಯಾಗಿ ಹನ್ನೆರಡು ಇಂಚಿನ ಗೆರೆಯ ಮೇಲೊಂದು ಪಿನ್ನು.

ಆಮೇಲೆ ಶಾಲೆಯ ಚೈನ್ ಬಿಚ್ಚಿ ಅಳೆದಳು. ಪಿನ್ನು ಹನ್ನೆರಡರ ಗೆರೆ ದಾಟಿ ಆಚೆ ಕೂತಿತ್ತು.

"ಉದ್ದ ಆಗ್ಬಿಟ್ಟಿದೆ!"

"ತುಳಿದು ತುಳಿದು ಒಳಗೆ ಸವೆದಿದೆ. ಈಗ ಹಿಂದಿನ ಚಕ್ರದ ಹಲ್ಲು ನೋಡು."

ಅಲ್ಲಿ ದೊಡ್ಡದು ಚಿಕ್ಕದು ಸೇರಿ ಹಲ್ಲಿರುವ ಆರು ಬಿಲ್ಲೆಗಳಿದ್ದವು, ಗೇರಿಗೊಂದು. ತುದಿಯ ಬಿಲ್ಲೆಯ ಹಲ್ಲುಗಳು ಗಟ್ಟಿಮುಟ್ಟಾಗಿದ್ದವು. ನಡುವಿನದರ ಹಲ್ಲುಗಳು ಚೂಪಾಗಿ, ಒಂದೇ ಕಡೆಗೆ ವಾಲಿದ್ದವು.

"ಹೊಸ ಚೈನ್ ಹಾಕಿದ್ರೆ?"

"ಈ ಹಲ್ಲಿನ ಮೇಲೆ ಹೊಸದೂ ಜಾರುತ್ತೆ. ಎರಡೂ ಬದಲಾಯಿಸಬೇಕು. ಇಷ್ಟು ಸವೆಯೋಕೆ ವರ್ಷಗಟ್ಟಲೆ ಬೇಕು. ನೀನು ಎಷ್ಟು ದಿನ ಓಡಿಸಿದೆ?"

"ಒಂಬತ್ತು."

ಸೂಜಿ ಇನ್ನೊಮ್ಮೆ ಅಳೆದಳು. ಪಿನ್ನು ಅಲ್ಲೇ ಇತ್ತು.

ಸೋಮವಾರ ಮೇಷ್ಟ್ರ ಕೋಣೆಗೆ ಅವಳು ಪೇಪರಿನಲ್ಲಿ ಸುತ್ತಿದ ಚೈನ್ ತಂದಳು.

"ಸೈಕಲ್ ಎಲ್ಲಿ?"

"ಅತ್ತೆ ಅಂಗಡೀಲಿದೆ ಸರ್. ಇದನ್ನ ವಾಪಸ್ ಹಾಕಲ್ವಂತೆ. ಹಾಕಿದ್ರೆ ಇನ್ನೊಬ್ರು ಬೀಳ್ತಾರಂತೆ."

ಸೂಜಿ ಮೇಜಿನ ಮೇಲೆ ಚೈನ್ ಎಳೆದು ಸ್ಕೇಲ್ ಇಟ್ಟಳು. "ನೋಡಿ ಸರ್, ಗೆರೆ ದಾಟಿದೆ."

ಮೇಷ್ಟ್ರು ನೋಡಲಿಲ್ಲ. ಬಿಳಿ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದರು. "ಪಾಠ ಆಮೇಲೆ ಹೇಳುವೆಯಂತೆ, ಮೊದಲು ಬರಿ. ನನ್ನ ಅಜಾಗರೂಕತೆಯಿಂದ..."

ಸೂಜಿ ಪೆನ್ನಿನ ಮುಚ್ಚಳ ತೆಗೆದಳು. ತಂಡದ ಐವರು ಕಿಟಕಿಯಲ್ಲಿ ಇಣುಕುತ್ತಿದ್ದರು. ಅವರ ಸೈಕಲ್ಲುಗಳು ಹೊರಗೆ ಗೋಡೆಗೆ ಒರಗಿದ್ದವು. ಎಲ್ಲವೂ ಅವಳು ಬಿದ್ದ ಸೈಕಲ್ಲಿನ ಜೊತೆಗೆ ಒಂದೇ ವರ್ಷ ಶಾಲೆಗೆ ಬಂದವು.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಸ್ಕೇಲನ್ನು ಮೇಷ್ಟ್ರ ಕಡೆಗೆ ಸರಿಸಿದಳು.

"ಇದು ಇಲ್ಲೇ ಇರಲಿ ಸರ್. ಇನ್ನೂ ಐದು ಸೈಕಲ್ ಅಳೀಬೇಕಲ್ಲ."

"ಬರಿ ಅಂದೆ!"

"ಬರೆಯಲ್ಲ ಸರ್."