ತವರಿನ ಬುತ್ತಿ

ವಸಂತೋತ್ಸವದ ಆ ಮುಂಜಾನೆ ತೊರೆನಾಡಿನ ರಾಜಧಾನಿಯಾದ ಹಿರಿಯಕೋಟೆಯ ಬೀದಿಗಳಲ್ಲಿ ಓಕುಳಿಯ ಕೆಂಪು ಹರಿದಿತ್ತು. ಆನೆಬಾಗಿಲ ಮೇಲೆ ನಗಾರಿ ಮೊಳಗುತ್ತಿತ್ತು. ಹೂವಾಡಗಿತ್ತಿಯರು ಸುರಗಿಯ ದಂಡೆಗಳನ್ನು ಕೂಗಿ ಕೂಗಿ ಮಾರುತ್ತಿದ್ದರು. ಆದರೆ ಅಂತಃಪುರದ ಸೂಲಗಿತ್ತಿ ಬೊಮ್ಮವ್ವೆಗೆ ಯಾವ ಹಬ್ಬ, ಎಲ್ಲಿಯ ಹಬ್ಬ! ಮಹಾರಾಣಿ ಜಕ್ಕಲದೇವಿಗೆ ಐದನೆಯ ತಿಂಗಳು ನಡೆಯುತ್ತಿತ್ತು. ಹಿಂದಿನ ಎರಡು ಬಸುರುಗಳೂ ಇದೇ ತಿಂಗಳಲ್ಲಿ ಇಳಿದುಹೋಗಿದ್ದವು.

ಈ ಸಲ ಮುದುಕಿ ಹಗಲಿರುಳು ಕಾದಿದ್ದಳು. ಹಳೆಯಕ್ಕಿಯ ಗಂಜಿ, ಹೆಸರುಬೇಳೆಯ ತೊವ್ವೆ, ದಾಳಿಂಬೆ, ಹೊತ್ತಿಗೆ ಸರಿಯಾಗಿ ಕಾಯಿಸಿದ ಹಾಲು. ಬೆಳಿಗ್ಗೆ ತೋಟದಲ್ಲಿ ನಾಲ್ಕು ಹೆಜ್ಜೆ, ಮಧ್ಯಾಹ್ನ ಎಡಮಗ್ಗುಲಾಗಿ ನಿದ್ದೆ. ಉಷ್ಣವೆಂದು ಎಳ್ಳನ್ನು ಅರಮನೆಯ ಅಡುಗೆಮನೆಯಿಂದಲೇ ಹೊರಹಾಕಿಸಿದ್ದಳು. ದಿನಕ್ಕೆ ಹತ್ತು ಬಾರಿ "ತಾಯೀ, ಉಂಡಿರಾ?" ಎಂದು ಕೇಳಿ ರಾಣಿಯಿಂದ ಬೈಸಿಕೊಳ್ಳುವುದೂ ಇತ್ತು.

ಅವಳ ಅಧಿಕಾರಕ್ಕೆ ನಿಲುಕದ್ದು ಒಂದೇ. ಐದನೆಯ ತಿಂಗಳಲ್ಲಿ ತವರಿನಿಂದ ಬರುವ ಬಯಕೆಯ ಬುತ್ತಿಯನ್ನು, ಅದು ಮಡಿಲು ಸೇರಿದ ಮೇಲೆ, ಬಸುರಿಯಲ್ಲದೆ ಬೇರೆಯವರು ಮುಟ್ಟಬಾರದು, ರುಚಿ ನೋಡಬಾರದು. ಅದು ರಾಜಮನೆತನದ ಕಟ್ಟಳೆ, ಮೀರಿದವರಿಗೆ ಗಡೀಪಾರು.

ಆ ಬುತ್ತಿ ಅಂದೇ ಬಂತು. ತಂದ ದೂತನ ಜೊತೆಯಲ್ಲಿ ದಂಡನಾಯಕ ರೇಚರಸನೂ ಬಂದಿದ್ದ. ಅವನು ಅರಸನ ದಾಯಾದಿ. ಅರಸನಿಗೆ ಸಂತಾನವಾಗದಿದ್ದರೆ ಪಟ್ಟ ಅವನದೇ. ಅರಸ ನನ್ನಿದೇವನ ಎದುರಿನಲ್ಲೇ ದೂತ ಬುತ್ತಿಯನ್ನು ರಾಣಿಯ ಮಡಿಲಲ್ಲಿಟ್ಟ. ಗಂಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಕರಿಎಳ್ಳು ಬೊಮ್ಮವ್ವೆಯ ಕಣ್ಣಿಗೆ ಬಿದ್ದವು. ಅವಳೂ ರಾಣಿಯ ತವರಿನವಳೇ. ಆ ಸೀಮೆಯ ಯಾವ ತಾಯಿಯೂ ಬಸುರಿ ಮಗಳಿಗೆ ಎಳ್ಳು ಕಳಿಸಳು. ಇದನ್ನು ಕಟ್ಟಿಸಿದ ಮಹಾನುಭಾವನಿಗೆ ಅಷ್ಟೂ ಗೊತ್ತಿರಲಿಲ್ಲ.

"ಮುಟ್ಟಬೇಡಿ ತಾಯೀ!" ಎಂದವಳೇ ಬುತ್ತಿಯನ್ನು ಕಸಿದುಕೊಂಡಳು.

"ಕಟ್ಟಳೆ ಮುರಿದಳು!" ರೇಚರಸ ಗರ್ಜಿಸಿದ. "ಪ್ರಭು, ಎರಡು ಕೂಸುಗಳನ್ನು ನುಂಗಿದ ಕೈ ಇದು. ಈಗಲೇ ಎಳೆದೊಯ್ಯಲು ಅಪ್ಪಣೆಯಾಗಲಿ."

ಬೊಮ್ಮವ್ವೆ ಅವನತ್ತ ತಿರುಗಿಯೂ ನೋಡಲಿಲ್ಲ. "ದೇವೀ, ಹಿಂದಿನ ಬುತ್ತಿಗಳಲ್ಲೂ ಎಳ್ಳುಂಡೆಯಿತ್ತೇ?"

ರಾಣಿ ಬಿಳಿಚಿಕೊಂಡಳು. "ಇತ್ತು ಅವ್ವಾ. ನೀನು ಬೈಯುತ್ತೀಯೆಂದು ಹೇಳಲಿಲ್ಲ. ಹೆತ್ತವಳು ಕಳಿಸಿದ್ದಲ್ಲವೇ ಎಂದು ತಿಂದೆ."

"ಮಹಾಪ್ರಭು, ಇದು ತವರಿನದಲ್ಲ. ಇದರಲ್ಲಿ ವಿಷವಿದೆ."

"ನಾಲ್ಕು ಕಾಳು ಎಳ್ಳು ಕಂಡು ಅಷ್ಟು ದೊಡ್ಡ ಮಾತೇ?" ಅರಸ ಕೇಳಿದ. "ಪುರಾವೆಯೇನು, ಬೊಮ್ಮವ್ವೆ?"

"ನಾನೇ, ಪ್ರಭು. ಎರಡು ಬಾರಿ ಕಟ್ಟಳೆಗೆ ಹೆದರಿ ಬಾಗಿಲಾಚೆ ಸುಮ್ಮನೆ ನಿಂತೆ, ಪಾಪಿ ನಾನು."

ಯಾರಾದರೂ ತಡೆಯುವ ಮೊದಲೇ ಒಂದು ಉಂಡೆ ತಿಂದಳು. ಇನ್ನೊಂದನ್ನೂ ತಿಂದಳು.

ಹೊತ್ತು ನೆತ್ತಿಗೇರುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತು. ಹೊಟ್ಟೆ ಹಿಡಿದುಕೊಂಡು ಕುಸಿದಳು. ಅದನ್ನು ಕಂಡ ದೂತ ಅರಸನ ಕಾಲಿಗೆ ಬಿದ್ದ. ತಾನು ರೇಚರಸನ ಆಳೆಂದೂ, ಮೂರು ಸಲವೂ ತವರಿನ ಬುತ್ತಿಯನ್ನು ದಾರಿಯಲ್ಲೇ ಬದಲಿಸಿದೆನೆಂದೂ, ಹಿಂದೆ ಬಸುರು ಇಳಿಯುವಷ್ಟೇ ಬೆರೆಸಿದ್ದ ವಿಷ ಈ ಸಲ ಜೀವ ತೆಗೆಯುವಷ್ಟಿದೆಯೆಂದೂ ಬಾಯಿಬಿಟ್ಟ. ದಂಡನಾಯಕನ ಕೈಗೆ ಅಲ್ಲಿಯೇ ಕೋಳ ಬಿತ್ತು.

ರಾಜವೈದ್ಯರು ಕೈಚೆಲ್ಲಿದರು. ರಾಣಿ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಯ್ಯೋ, ಆ ಹೊತ್ತಿನಲ್ಲೂ ಮುದುಕಿ ತನ್ನ ಹಟ ಬಿಡಲಿಲ್ಲ.

"ತಾಯೀ, ಉಂಡಿರಾ?"

"ಹೇಗೆ ಉಣ್ಣಲಿ ಅವ್ವಾ?"

"ನಿಮಗಲ್ಲ, ಒಳಗಿರುವವರಿಗೆ. ಗಂಜಿ ಆರಿಹೋಗುತ್ತದೆ."

ದಾಸಿ ಬಟ್ಟಲು ತಂದಳು. ರಾಣಿ ಅಳುತ್ತಲೇ ಒಂದೊಂದು ಗುಟುಕನ್ನು ನುಂಗಿದಳು. ಬಟ್ಟಲು ಬರಿದಾಗುವವರೆಗೂ ಬೊಮ್ಮವ್ವೆ ಕಣ್ಣು ಮುಚ್ಚಲಿಲ್ಲ.