ತವರಿನ ಸಾಕ್ಷಿ

"ನಾ ಸಹಿ ಹಾಕಂಗಿಲ್ಲ!"

ಗುರುದೇವಿಯ ಈ ಒಂದು ಮಾತಿಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿದರೂ ತಿರುವಿ ಹಾಕುವವರಿಲ್ಲ. ತಂಗಿ ಶಿವರಂಜನಿ ಅರ್ಜಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಕ್ಕತಂಗಿಯರಿಬ್ಬರೂ ಶಹಾಪುರದ ಆ ಮನೆಯ ಅಣ್ಣತಮ್ಮಂದಿರ ಕೈಹಿಡಿದು ಬಂದವರು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಬೆಂದವರು. ಇಂಥ ಮಾತು ಅವರ ನಡುವೆ ಎಂದೂ ಬಂದಿರಲಿಲ್ಲ.

"ಹಂಗಂದ್ರ ಹೆಂಗಕ್ಕಾ? ಬಿ.ಎ. ಅರ್ಜಿಗೆ ನಾಡದ ಕಡೀ ದಿನ. ನನ್ನ ಪಿಯುಸಿ ಮಾರ್ಕ್ಸ್ ಕಾರ್ಡಿನ್ಯಾಗ ಮಲ್ಲೇಶ್ವರಿ ಅಂತ ಅದ, ಆಧಾರದಾಗ ಶಿವರಂಜನಿ. ಇಬ್ರೂ ಒಬ್ಬಾಕೀನೇ ಅಂತ ತವರಿನವ್ರು ಒಬ್ರು ನೋಟರಿ ಮುಂದ ಬಂದು ಸಹಿ ಹಾಕ್ಬೇಕಂತ. ಅಪ್ಪ ಇಲ್ಲ, ಅವ್ವ ಇಲ್ಲ..."

"ಮೂವತ್ತೆಂಟು ವರ್ಷದಾಕಿಗೆ ಬಿ.ಎ. ಯಾಕ? ನಿನ್ನ ಅಂಗನವಾಡಿ ಕೂಸುಗೋಳು ಕೇಳ್ಯಾವೇನು?"

"ಹದಿನಾಲ್ಕು ವರ್ಷ ಮನಿಮನಿ ತಿರುಗಿ, ಎಷ್ಟು ಮಂದಿ, ಎಷ್ಟು ಕೂಸು ಅಂತ ಬರ್ಕೊಂಡೀನಿ. ಹಿಂಗ್ಯಾಕ ಅಂತ ಒಮ್ಮೆರೆ ಕೇಳಬಾರದೇನು? ಅದಕ್ಕ ಸಮಾಜಶಾಸ್ತ್ರ. ಎರಡನೇದು ಇತಿಹಾಸ. ಮೂರನೇದು ರಾಜ್ಯಶಾಸ್ತ್ರನೋ ಅರ್ಥಶಾಸ್ತ್ರನೋ ತಿಳೀವಲ್ದು."

"ಅರ್ಥಶಾಸ್ತ್ರ! ಭಾಗಾಕಾರಕ್ಕ ಬೆರಳು ಎಣಿಸ್ತಿದ್ದಿ ನೀ!"

ಪಡಸಾಲೆಯಿಂದ ಅತ್ತೆ ಶಿವಬಸಮ್ಮನ ದನಿ ಬಂತು. "ಹೊಟ್ಟಿ ಉರದಿದ್ದು ಯಾರದು, ರೊಟ್ಟಿ ಹೊತ್ತಿದ್ದು ಯಾವುದು ಅಂತ ವಾಸನಿ ಮ್ಯಾಲ ತಿಳೀವಲ್ದವಾ! ಮೊದ್ಲ ರೊಟ್ಟಿ ತಿರುವ್ರಿ."

ಗುರುದೇವಿಯ ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ಏಕೆಂದರೆ ಅತ್ತೆ ಆಡಿದ್ದು ನಿಜ.

ತವರೂರು ಕಕ್ಕೇರಾದ ಶಾಲೆಯಲ್ಲಿ ಗುರುದೇವಿ ಹತ್ತನೆಯ ತರಗತಿಗೆ ಮೊದಲಿಗಳು. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು. ಫಲಿತಾಂಶ ಬಂದ ವರ್ಷವೇ, ಇಪ್ಪತ್ತಾರು ವರ್ಷಗಳ ಹಿಂದೆ, ಮದುವೆಯಾಯಿತು. ಸೊಸೆಗೆ ಹೊಸ ಹೆಸರಿಡುವುದು ಆ ಮನೆಯ ಪದ್ಧತಿ. ಅಂಬವ್ವನಾಗಿ ಚಪ್ಪರಕ್ಕೆ ಬಂದವಳು ಗುರುದೇವಿಯಾಗಿ ಹೊಸ್ತಿಲು ದಾಟಿದಳು. ತಾನು ಕಳೆದುಕೊಂಡದ್ದನ್ನು ತಂಗಿಯಾದರೂ ಪಡೆಯಲೆಂದು ಗಂಡನ ಕಾಲು ಹಿಡಿದು ಮಲ್ಲೇಶ್ವರಿಯನ್ನು ಕರೆಸಿಕೊಂಡಳು. ಬುತ್ತಿ ಕಟ್ಟಿ ಎರಡು ವರ್ಷ ಕಾಲೇಜಿಗೆ ಕಳಿಸಿದಳು. ಆ ತಂಗಿಯೇ ಮೈದುನ ವಿಶ್ವರಾಧ್ಯನ ಹೆಂಡತಿಯಾಗಿ, ಶಿವರಂಜನಿ ಎಂಬ ಹೆಸರು ಹೊತ್ತು, ಅದೇ ಮನೆಯಲ್ಲಿ ಉಳಿದಳು. ಅಂದು ಬುತ್ತಿ ಕಟ್ಟಿದ ಕೈ ಇಂದು ಸಹಿ ಹಾಕಲು ಏಳದು! ತಂಗಿಯ ಮುಂದಿನ ಮೂರು ವರ್ಷಗಳನ್ನು ನೆನೆದರೆ ಎದೆಯಲ್ಲಿ ಕೆಂಡ... ತನಗೆ ಸಿಗದಿದ್ದುದು ಆಕೆಗೆ ಒಂದು ಸಲ ಸಿಕ್ಕಿತು, ಸರಿ. ಎರಡನೆಯ ಸಲವೂ ಆಕೆಗೇ ಏಕೆ?

ಶಿವರಂಜನಿ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಕ್ಕಾ. ಕಕ್ಕೇರಾದಿಂದ ಬಾಜೂಮನಿ ಆಮೀನಾನ್ನ ಕರಸ್ತೀನಿ. ಸಣ್ಣಾಕಿದ್ದಾಗಿಂದ ನನ್ನ ನೋಡ್ಯಾಳ."

ಈ ಮಾತು ಗುರುದೇವಿಯನ್ನು ಇನ್ನೊಂದು ಕಡೆಯಿಂದ ಸುಟ್ಟಿತು. ಮಲ್ಲೇಶ್ವರಿಗೆ ಜಡೆ ಹಾಕಿದವಳು ತಾನು, ಮಗ್ಗಿ ಕಲಿಸಿದವಳು ತಾನು. ಸಾಕ್ಷಿ ಹೇಳುವವಳು ಆಮೀನಾಳೇ!

"ಊರ ಮಂದಿನ್ನ ಯಾಕ ಕರಸ್ತಿ? ನಾ ಸತ್ತೀನೇನು?" ಎಂದಳು. "ನಾಳಿ ಎಂಟರ ಬಸ್ಸಿಗೆ ಹೋಗೂಣು."

ಯಾದಗಿರಿಯವರೆಗೆ ಅಕ್ಕತಂಗಿಯರು ಒಂದೇ ಸೀಟಿನಲ್ಲಿ ಕುಳಿತರು. ಭೀಮಾ ನದಿಯ ಸೇತುವೆ ಬಂದಾಗ ಶಿವರಂಜನಿ ಕೈಮುಗಿದಳು. ಗುರುದೇವಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕೋರ್ಟಿನ ಹತ್ತಿರ ನೋಟರಿ ಪರಮಣ್ಣ ಛಾಪಾ ಕಾಗದ ಸಿದ್ಧಪಡಿಸಿ, ಮೇಲೆ ಮಾರ್ಕ್ಸ್ ಕಾರ್ಡು ಇಟ್ಟು, ಓದಿ ಹೇಳಿದರು. ಮಲ್ಲೇಶ್ವರಿ, ತಂದೆಯ ಹೆಸರು, ಹುಟ್ಟಿದ ಊರು ಕಕ್ಕೇರಾ... ಗುರುದೇವಿ ಪೆನ್ನು ಹಿಡಿದಳು. ಕೈ ತಾನಾಗಿ ನಡೆಯಿತು. ಅಕ್ಷರಗಳು ದುಂಡಗೆ ಬಿದ್ದವು.

ಪರಮಣ್ಣ ಕನ್ನಡಕ ಸರಿಪಡಿಸಿಕೊಂಡರು. "ಅಂಬವ್ವ ಯಾರ್ರಿ, ಅವ್ವಾರ? ನಿಮ್ಮ ಆಧಾರದಾಗ ಗುರುದೇವಿ ಅಂತ ಅದ! ಸಾಕ್ಷಿಗೇ ಒಬ್ಬ ಸಾಕ್ಷಿ ಬೇಕಾದ್ರ ನಾ ಏನ್ ಮಾಡ್ಲಿ?"

ಅವರು ನಕ್ಕರು. ಜೊತೆಗೆ ನಗುವವರು ಯಾರೂ ಇರಲಿಲ್ಲ. ಅಕ್ಕ ಶಾಲೆಯ ಪುಸ್ತಕಗಳ ಮೇಲೆ ಬರೆಯುತ್ತಿದ್ದ ಆ ಮೂರಕ್ಷರವನ್ನು ಕಾಗದದ ಮೇಲೆ ಕಂಡು ಶಿವರಂಜನಿಯ ಮುಖ ಬಿಳುಪೇರಿತು.

"ಅಕ್ಕಾ... ನಿನಗೂ ಓದ್ಬೇಕಂತ ಇತ್ತೇನು?"

"ಇಪ್ಪತ್ತಾರು ವರ್ಷ ಆದ ಮ್ಯಾಲ ಕೇಳಾಕತ್ತಿ!" ಗುರುದೇವಿ ಪೆನ್ನು ಕೆಳಗಿಟ್ಟಳು. "ಹೌದು, ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚದ. ನೀ ಕಾಲೇಜಿಗೆ ಹೋದ ಮೊದಲನೇ ದಿನಾನೇ ಇತ್ತು. ಸಹಿ ಹಾಕಿದ್ರ ಹೋಗೂ ಅಂಥಾದ್ದಲ್ಲ ಅದು!"

"ಈ ಅರ್ಜಿ ಹರೀತೀನಕ್ಕಾ. ನೀನೂ ಪಿಯುಸಿ ಮುಗಸು, ಆಮ್ಯಾಲ ಇಬ್ರೂ ಕೂಡಿ..."

"ಹರಿದ್ರ ಕೆನ್ನಿಗೆ ಬಿಗೀತೀನಿ! ನಿನ್ನ ಓದಿನ ಮ್ಯಾಲ ನಿನಗಿದ್ದಷ್ಟ ಹಕ್ಕು ನನಗೂ ಅದ. ಬುತ್ತಿ ಕಟ್ಟೀನಿ."

ಇನ್ನೊಂದು ಕಾಗದ ಬಂತು. ಗುರುದೇವಿ ಈ ಸಲ ತಪ್ಪಲಿಲ್ಲ. ಗಂಡನ ಮನೆ ಕೊಟ್ಟ ಹೆಸರನ್ನೇ ಬರೆದು, ಮಲ್ಲೇಶ್ವರಿ, ಶಿವರಂಜನಿ ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿದಳು.

ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರದ ಕಿಟಕಿಯ ಮುಂದೆ ಶಿವರಂಜನಿಯ ಸರದಿ ಬಂದಾಗ ಗುಮಾಸ್ತ ಕೇಳಿದ: "ಮೂರನೇ ವಿಷಯ ಖಾಲಿ ಬಿಟ್ಟೀರಿ. ಲಗೂ ಹೇಳ್ರಿ."

ಅವಳು ಅಕ್ಕನ ಕಡೆ ತಿರುಗಿದಳು.

"ಅರ್ಥಶಾಸ್ತ್ರ ಬರಿ," ಎಂದಳು ಗುರುದೇವಿ.

"ನನಗ ಲೆಕ್ಕ ಬರಂಗಿಲ್ಲಲ್ಲಕ್ಕಾ..."

"ನನಗ ಬರ್ತದ. ಹೇಳಿಕೊಡ್ತೀನಿ. ಆದ್ರ ಒಂದು ಮಾತು: ಪುಸ್ತಕ ಮನಿಗೆ ಬಂದ್ರ ಮೊದ್ಲ ನಾ ಓದಾಕಿ. ನಾ ಮುಗಿಸೂ ತನಕ ನೀ ಮುಟ್ಟಬಾರ್ದು."

"ಪರೀಕ್ಷಾ ನಂದಕ್ಕಾ!" ಶಿವರಂಜನಿ ಅಳುತ್ತಲೇ ನಕ್ಕಳು.

"ಪರೀಕ್ಷಾ ನಿಂದು. ಪುಸ್ತಕ ಮೊದ್ಲ ನಂದು. ಒಪ್ಪಿಗಿ ಇದ್ರ ಬರಿ, ಹಿಂದ ಮಂದಿ ನಿಂತಾರ."

ಶಿವರಂಜನಿ ಬರೆದಳು. ಅಕ್ಷರಗಳು ಸರಿಯಾಗಿ ಬಿದ್ದವೋ ಇಲ್ಲವೋ ಎಂದು ಗುರುದೇವಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.